ಸದ್ದಿಲ್ಲದ ನೀರು

ನಮ್ಮೂರಿನಲ್ಲಿ ಯಾರೂ ಬಾಗಿಲು ಬಡಿಯುತ್ತಿರಲಿಲ್ಲ. ಹೊಸ್ತಿಲ ಪಕ್ಕದ ಕೊಡದಿಂದ ಒಂದು ತಂಬಿಗೆ ನೀರು ತೆಗೆದು ಅಲ್ಲಿಯೇ ಇರುವ ಚಪ್ಪಡಿಯ ಮೇಲೆ ಸುರಿಯುತ್ತಿದ್ದರು. ನೀರು ಗಂಟೆಯಂತೆ ಗಣಗಣ ಎನ್ನುತ್ತಿತ್ತು, ಒಳಗಿದ್ದವರು ಎದ್ದು ಬರುತ್ತಿದ್ದರು. ಕಾಲುವೆಯ ನೀರಾಗಲಿ ಬಾವಿಯ ನೀರಾಗಲಿ, ಎತ್ತರದಿಂದ ಬಿದ್ದರೆ ಮೊಳಗುತ್ತಿತ್ತು. ತೊಟ್ಟಿಲಿರುವ ಮನೆಗಳಲ್ಲಿ, ಕೂಸು ಏಳದಿರಲೆಂದು, ಹಂಡೆಯೊಳಗೆ ಹಳೆಯ ಸೀರೆ ಹಾಸಿ ಅದರ ಮೇಲೆ ನೀರು ಹೊಯ್ಯುತ್ತಿದ್ದರು. ಮಕ್ಕಳನ್ನು ನೀರು ಕುಡಿಯಲು ಬಿಟ್ಟಾಗ ಶಾಲೆಯ ಮೇಷ್ಟ್ರು ಪಾಠ ನಿಲ್ಲಿಸಿ ಕೂರುತ್ತಿದ್ದರು. ಮದುವೆಯಲ್ಲಿ ಧಾರೆ ಎರೆಯುವಾಗ ಓಲಗದವರು ವಾದ್ಯ ಕೆಳಗಿಡುತ್ತಿದ್ದರು. ಆ ಹೊತ್ತಿಗೆ ನೀರಿನ ದನಿಯೇ ಸಾಕು. ಹೊರಗಿನಿಂದ ಬಂದ ಸೊಸೆಯರು ಮೊದಮೊದಲು ಸ್ನಾನ ಮಾಡಲು ನಾಚುತ್ತಿದ್ದರು. ಮೈಮೇಲೆ ಎಷ್ಟು ತಂಬಿಗೆ ಹಾಕಿಕೊಂಡರು ಎಂಬುದು ಓಣಿಗೆಲ್ಲ ಕೇಳುತ್ತಿತ್ತು.

ನಾನೂ ಹಾಗೆ ಹೊರಗಿನಿಂದ ಬಂದವಳೇ. ಅಂಬಾಭವಾನಿ ಎಂಬ ನನ್ನ ಹೆಸರು ಈ ಓಣಿಯಲ್ಲಿ ಮದುವೆಯಾದ ವಾರದೊಳಗೆ ಅಂಬಕ್ಕ ಆಯಿತು. ರಸಾಯನಶಾಸ್ತ್ರದಲ್ಲಿ ಡಿಪ್ಲೊಮಾ ಓದಿದ್ದೆನೆಂದು ಮಾವ ತಮ್ಮ ಅಂಗಡಿಯ ತೊಟ್ಟಿಗಳನ್ನು ನನಗೆ ಒಪ್ಪಿಸಿದರು. ನಮ್ಮದು ಲೋಹದ ಲೇಪ ಹಾಕುವ ಅಂಗಡಿ. ಊರಿನ ಬದುಕೇ ಅದು. ಬೀಗ, ಕೊಂಡಿ, ಟ್ರಂಕಿನ ಮೂಲೆ, ಪೂಜೆಯ ತಟ್ಟೆ ಎಲ್ಲವೂ ಮಂಕಾಗಿ ಬಂದು ಹೊಳೆಯುತ್ತ ಹೋಗುತ್ತವೆ. ತೊಟ್ಟಿಯೊಳಗೆ ವಿದ್ಯುತ್ ಹಾಯಿಸಿದರೆ ನೀರಿನಲ್ಲಿ ಕರಗಿರುವ ನಿಕ್ಕಲ್ಲೋ ಸೀಸವೋ ಬಂದು ಸಾಮಾನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಸಾಮಾನನ್ನು ತೊಳೆಯುತ್ತೇವೆ. ತೊಳೆದ ನೀರು ಚರಂಡಿಗೆ, ಚರಂಡಿಯಿಂದ ಕಾಲುವೆಗೆ, ಕಾಲುವೆಯಿಂದ ನೆಲದೊಳಗೆ ಇಳಿದು ಬಾವಿಗೆ ಹೋಗುತ್ತಿತ್ತು. ಮೊಳಗುವ ನೀರು ಊರಿನ ಭಾಗ್ಯ ಎಂದು ಎಲ್ಲರೂ ಹೇಳುತ್ತಿದ್ದರು. ಭಾಗ್ಯ ಎಲ್ಲಿಂದ ಬರುತ್ತದೆಂದು ಕೇಳುವ ರೂಢಿ ಇರಲಿಲ್ಲ.

ನನ್ನ ಗಂಡ ಮಾನಪ್ಪ ಪಾತ್ರೆಗಳ ಮೇಲೆ ಹೆಸರು ಕೆತ್ತುತ್ತಿದ್ದರು. ಅಂಗಡಿಯ ಹಿಂಭಾಗದಲ್ಲಿ ಕಾಲುವೆಯ ಕಡೆಗೆ ತೆರೆದ ಕಿಟಕಿಯ ಬಳಿ ಕೂತು, ಬಾಯಲ್ಲಿ ಎಲೆಯಡಿಕೆ, ತೊಡೆಯ ಮೇಲೆ ಕೊಡ, ಬಲಗೈಯಲ್ಲಿ ಸಣ್ಣ ಉಳಿ. ಯಾರ ಮದುವೆಗೆ ಯಾರು ಕೊಟ್ಟದ್ದು ಎಂಬುದನ್ನು ಅವರು ಬರೆದರೆ ಆ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಬೇಕೆನಿಸುತ್ತಿತ್ತು. ಒಂದು ಬೇಸಿಗೆ ಅವರ ಉಳಿ ಜಾರಿತು. ವಯಸ್ಸಾಯಿತೆಂದು ನಕ್ಕರು. ಇನ್ನೊಮ್ಮೆ ಜಾರಿದಾಗ ನಗಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅವರ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಬಾಡಿದ ಬಳ್ಳಿಯಂತೆ ಜೋತುಬಿತ್ತು. ಬೆರಳು ಮಡಚಬಲ್ಲರು, ಆದರೆ ಅಂಗೈಯನ್ನು ಮೇಲೆತ್ತಲು ಆಗದು. ಒಂದು ಮಧ್ಯಾಹ್ನ ಆ ಕೈಗೆ ಎಣ್ಣೆ ತಿಕ್ಕುತ್ತಿದ್ದೆ. ಪಕ್ಕದ ಮನೆಯವರು ಅಂಗಳಕ್ಕೆ ನೀರು ಚೆಲ್ಲಿದರು. ನೀರು ಮೊಳಗಿತು, ಜೊತೆಗೆ ನನ್ನ ಕೈಯೊಳಗಿದ್ದ ಅವರ ಮೂಳೆಯೂ ಸಣ್ಣಗೆ ಮೊಳಗಿತು.

ಹಾಗೆ ಮೈ ಮೊಳಗುವವರು ಊರಿನಲ್ಲಿ ಮೊದಲಿನಿಂದಲೂ ಇದ್ದರು. ಅವರನ್ನು ನಾದ ಹತ್ತಿದವರು ಎನ್ನುತ್ತಿದ್ದರು, ಹಬ್ಬದೂಟದಲ್ಲಿ ಮೊದಲ ಎಲೆ ಅವರಿಗೇ ಹಾಕುತ್ತಿದ್ದರು. ಸುದ್ದಿ ಹಬ್ಬಲು ತಡವಾಗಲಿಲ್ಲ. ಲೇಪದವರ ಸಂಘದ ಹಿರಿಯರಾದ ಪತ್ತಾರಜ್ಜ ನಾಲ್ಕಾರು ಜನರೊಡನೆ ಬಂದು ನಮ್ಮ ಹೊಸ್ತಿಲಲ್ಲಿ ನೀರು ಸುರಿದರು. ಅವರ ಕೈಯಲ್ಲಿ ಹಣ್ಣಿನ ತಟ್ಟೆ, ಜರಿಯಂಚಿನ ಶಾಲು.

"ಮಾನಪ್ಪ, ನಿನ್ನ ಪುಣ್ಯ ದೊಡ್ಡದೋ. ನಿಮ್ಮಪ್ಪಗೂ ನಾದ ಹತ್ತಲಿಲ್ಲ, ನಿನಗ ಹತ್ತೈತಿ," ಎಂದು ಅಜ್ಜ ಶಾಲು ಹೊದಿಸಿದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ, ಕಣ್ಣು ತುಂಬಿತ್ತು.

ನನ್ನ ಗಂಡ ನಮಸ್ಕಾರ ಮಾಡಲು ಕೈಯೆತ್ತಿದರು. ಎಡಗೈ ಎದೆಯ ಬಳಿ ಬಂದು ನಿಂತಿತು. ಬಲಗೈ ಮೇಲೆ ಬಂದಿತಾದರೂ ಅಂಗೈ ನೆಲ ನೋಡುತ್ತ ತೂಗಾಡಿತು. ಎರಡೂ ಕೈ ಕೂಡಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು. ಬಂದವರೆಲ್ಲ ಹಣ್ಣಿನ ತಟ್ಟೆಯನ್ನು ನೋಡತೊಡಗಿದರು. ನಾನು ಹೋಗಿ ಅವರ ಹೆಗಲಿನಿಂದ ಶಾಲು ತೆಗೆದು, ಮಡಚಿ, ಅಜ್ಜನ ಕೈಗೆ ವಾಪಸು ಕೊಟ್ಟೆ.

"ಶಾಲು ಬ್ಯಾಡಜ್ಜ. ನಮಗ ಕೈ ಬೇಕು," ಎಂದೆ.

ಮರುದಿನ ಬಸ್ಸು ಹತ್ತಿಸಿ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಸೀಸ ಎಂದರು. ಔಷಧಿ ಕೊಟ್ಟರು. "ಔಷಧಿ ಒಳಗಿದ್ದದ್ದನ್ನ ಹೊರಗ ಹಾಕತದ. ನೀವು ದಿನಾ ಅದನ್ನೇ ಕುಡೀತಿದ್ರ ನಾ ಏನು ಮಾಡ್ಲಿ? ಆ ಊರಿನ ನೀರು ಬಿಡ್ರಿ," ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಕೇಳಿದರು: "ಊರು ಬಿಡೋಣೇನು?" ಸೀಟಿನ ಕಂಬಿ ಹಿಡಿಯಲಾರದೆ ಅವರು ನನ್ನ ಭುಜಕ್ಕೆ ಒರಗಿಕೊಂಡಿದ್ದರು. ನನಗೆ ನಮ್ಮ ಓಣಿಯ ಮನೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು, ಹಂಡೆಯೊಳಗೆ ಸೀರೆ ಹಾಸಿದ ಮನೆಗಳೂ.

"ನಾವ್ಯಾಕ ಬಿಡಬೇಕು? ಸೀಸ ಬಿಟ್ಟು ಹೋಗಲಿ," ಎಂದೆ.

ಹೇಳುವುದು ಸುಲಭವಾಗಿತ್ತು. ಆದರೆ ಆ ಮಾತಿನ ಹಿಂದೆ ಒಂದು ಲೆಕ್ಕಾಚಾರವೂ ಇತ್ತು. ವಿದ್ಯುತ್ ಹಾಯಿಸಿ ನೀರಿನ ಲೋಹವನ್ನು ಬೀಗದ ಮೇಲೆ ತಂದು ಕೂರಿಸುವುದು ನನ್ನ ದಿನದ ಕೆಲಸ. ತೊಳೆದ ನೀರಿನಲ್ಲಿ ಉಳಿದಿರುವ ಚೂರುಪಾರನ್ನು ಕರೆಯಲು ಯಾಕಾಗಬಾರದು? ಲೋಹ ಅಲ್ಲಿ ತೀರಾ ತೆಳುವಾಗಿರುತ್ತದೆ, ಬೀಗದಂಥ ನುಣುಪಾದ ಮೈಗೆ ಅದು ಸಿಗುವುದಿಲ್ಲ. ಅದಕ್ಕೆ ಸೂಕ್ಷ್ಮ ರಂಧ್ರಗಳಿರುವ ಮೈ ಬೇಕು, ವಿದ್ಯುತ್ತನ್ನೂ ಹರಿಯಬಿಡಬೇಕು. ಇದ್ದಿಲಿಗೆ ಆ ಎರಡೂ ಗುಣವನ್ನು ತರಬಹುದೆಂದು ಓದಿದ್ದೆ. ಒಂದು ಹಿಡಿ ಒಳ್ಳೆಯ ಇದ್ದಿಲಿನ ಒಳಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಹೊಲದಷ್ಟು ಅಗಲವಾಗುತ್ತದಂತೆ.

ಕಾಲುವೆಯ ಆಚೆ ಜೈನಾಬಿ ತೆಂಗಿನ ಚಿಪ್ಪು ಸುಟ್ಟು ಅಕ್ಕಸಾಲಿಗರಿಗೆ ಇದ್ದಿಲು ಮಾಡಿಕೊಡುತ್ತಿದ್ದಳು. ನನ್ನ ವಾರಿಗೆಯವಳು, ಬಾಯಿ ಜೋರು. ನಾನು ವಿಷಯ ಹೇಳಿದಾಗ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಅಂಬಕ್ಕ, ಇದ್ದಿಲ ಒಲಿಗೆ ಹಾಕ್ತಾರ. ನೀ ನೀರಿಗೆ ಹಾಕ್ತೀನಂತಿ. ಮನ್ಯಾಗ ಯಾರಿಗೆ ಆರಾಮಿಲ್ಲ, ಮಾನಪ್ಪಣ್ಣಗೋ ನಿನಗೋ?"

"ಇಬ್ಬರಿಗೂ ಇಲ್ಲ. ನಿನಗೂ ಇಲ್ಲ, ಕೈ ಚಾಚು ನೋಡೋಣು."

ಚಾಚಿದಳು. ನಾನು ತಂಬಿಗೆಯಿಂದ ನೀರು ಸುರಿದು ಅವಳ ಮೊಣಕೈಗೆ ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ, ಕೇಳಿಸಲಿಲ್ಲವೆಂದೇ ಹೇಳಿದೆ. ಅವಳು ಮಾತ್ರ ಬಹಳ ಹೊತ್ತು ತನ್ನ ಕೈಯನ್ನೇ ನೋಡಿಕೊಂಡಳು. "ಎಷ್ಟ ಚಿಪ್ಪು ಬೇಕು?" ಎಂದಳು.

ಮೊದಲು ಮಾಡಿದ ತಟ್ಟೆಗಳು ನೀರಿಗಿಳಿಸಿದ ಕೂಡಲೇ ಉದುರಿ ಮಸಿಯಾದವು. ಮುಚ್ಚಿದ ಕುಲುಮೆಯಲ್ಲಿ ಇದ್ದಿಲನ್ನು ಕೆಂಪಗೆ ಕಾಯಿಸಿ ಅದರ ಮೇಲೆ ಹಬೆ ಹಾಯಿಸಿದೆವು, ರಂಧ್ರಗಳು ತೆರೆದುಕೊಳ್ಳಲಿ ಎಂದು. ಕುಲುಮೆಯ ಮುಚ್ಚಳ ಹಾರಿ ಜೈನಾಬಿಯ ಹುಬ್ಬು ಸುಟ್ಟಿತು. ಪುಡಿಯನ್ನು ಗಟ್ಟಿಯಾಗಿ ಹಿಡಿಯುವ ಅಂಟು ಸಿಗುವುದು ತಡವಾಯಿತು. ಸಿಕ್ಕ ಅಂಟು ರಂಧ್ರಗಳನ್ನೇ ಮುಚ್ಚಿತು, ಅದನ್ನು ತೆಳ್ಳಗೆ ಮಾಡಿದೆವು. ಕೊನೆಗೆ ಪೆನ್ಸಿಲ್ ಕಡ್ಡಿಗೆ ಬಳಸುವ ಗ್ರಾಫೈಟಿನ ತೆಳು ಹಾಳೆಗಳ ಮೇಲೆ ಆ ಪುಡಿಯನ್ನು ಒತ್ತಿ ಕೂರಿಸಿ, ಎರಡು ತಟ್ಟೆಗಳ ನಡುವೆ ಬಟ್ಟೆ ಇಟ್ಟು, ಲೇಪದ ತೊಟ್ಟಿಯ ಯಂತ್ರದಿಂದಲೇ ವಿದ್ಯುತ್ ಕೊಟ್ಟೆ. ನೀರು ಸೋಡಾದಂತೆ ನೊರೆಯೆದ್ದಿತು, ಮೊಳಗುವುದು ಮಾತ್ರ ತಗ್ಗಲಿಲ್ಲ. ಬೀಗಕ್ಕೆ ಕೊಡುವಷ್ಟು ವಿದ್ಯುತ್ತಿನ ಒತ್ತಡ, ಅಂದರೆ ವೋಲ್ಟೇಜ್, ಕೊಟ್ಟರೆ ನೀರೇ ಒಡೆದು ಗುಳ್ಳೆಯಾಗುತ್ತದೆ ಎಂಬುದು ನನಗೆ ಗೊತ್ತಿತ್ತು, ಆತುರದಲ್ಲಿ ಮರೆತಿದ್ದೆ. ಗುಳ್ಳೆ ನಿಲ್ಲುವವರೆಗೆ ಒತ್ತಡ ಇಳಿಸಿದೆ. ಟಾರ್ಚಿನ ಸೆಲ್ಲು ಕೊಡುವುದಕ್ಕಿಂತ ಕಡಿಮೆ ಇರಬೇಕು.

ತಟ್ಟೆಗಳ ನಡುವಿನಿಂದ ನೀರು ಸಣ್ಣ ಧಾರೆಯಾಗಿ ಹೊರಬಂದು ಸ್ಟೀಲಿನ ಬೋಗುಣಿಗೆ ಬೀಳುತ್ತಿತ್ತು. ಮೊದಲು ಗಣಗಣ ಎಂದಿತು. ಆಮೇಲೆ ದೂರದ ಓಣಿಯಲ್ಲಿ ಮೊಳಗಿದಂತೆ ಕೇಳಿತು. ಆಮೇಲೆ ಏನೂ ಇಲ್ಲ. ನೀರು ನೀರಿನ ಮೇಲೆ ಬೀಳುವ ಸಣ್ಣ ಸದ್ದು, ಅಷ್ಟೇ. ನಾನು ತವರಿನಲ್ಲಿ ಕೇಳಿದ್ದ ಸದ್ದು ಅದು. ಜೈನಾಬಿ ಅದನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಕಿವಿ ಹೋತೇನ ನಂದು?" ಎಂದು ಗಾಬರಿಯಾಗಿ ತನ್ನ ಬಳೆ ಅಲುಗಿಸಿ ನೋಡಿಕೊಂಡಳು.

ತಟ್ಟೆ ತುಂಬಿದ ಮೇಲೆ ವಿದ್ಯುತ್ತಿನ ದಿಕ್ಕು ತಿರುಗಿಸಿದರೆ ಹಿಡಿದಿಟ್ಟಿದ್ದೆಲ್ಲ ಒಂದು ಚೊಂಬು ನೀರಿಗೆ ಇಳಿಯುತ್ತಿತ್ತು. ಆ ಚೊಂಬನ್ನು ಮುಟ್ಟಿದರೆ ಹಲ್ಲು ಝುಮ್ಮೆನ್ನುತ್ತಿತ್ತು. ನಿಕ್ಕಲ್ ಇದ್ದರೆ ವಾಪಸು ತೊಟ್ಟಿಗೆ, ಸೀಸವಿದ್ದರೆ ಗಟ್ಟಿ ಮುಚ್ಚಳದ ಜಾಡಿಗೆ. ತಟ್ಟೆ ಮತ್ತೆ ಕೆಲಸಕ್ಕೆ ಸಿದ್ಧ.

ನಮ್ಮ ಅಂಗಡಿಯ ಚರಂಡಿ ಮೂಕವಾದದ್ದು ಓಣಿಯವರಿಗೆ ಹಿಡಿಸಲಿಲ್ಲ. ಹಾದುಹೋಗುವಾಗ ಅಲ್ಲಿ ನಡಿಗೆ ಬಿರುಸು ಮಾಡುತ್ತಿದ್ದರು. ಪತ್ತಾರಜ್ಜ ಬಂದರು, ಈ ಸಲ ಒಬ್ಬರೇ.

"ಅಂಬಕ್ಕ, ದೂರದೂರಿಂದ ಜನ ಈ ನೀರ ಕೇಳಾಕ ಬರ್ತಾರ. ಇಲ್ಲಿ ಧಾರಿ ಎರೆಸ್ಕೊಂಡ್ರ ಸಂಸಾರ ಚಲೋ ಇರತೈತಂತ ನಂಬ್ಯಾರ. ನಿನ್ನ ಗಂಡಗ ಆದದ್ದು ಕೆಟ್ಟದ್ದು, ಒಪ್ಪಿದೆ. ಅದಕ್ಕ ಊರಿನ ದನಿನ ಕೀಳ್ತೀಯೇನು?"

"ಊರಿನ ದನಿ ಜನರದಲ್ಲೇನಜ್ಜ? ಅವರು ಇದ್ರ ತಾನ?"

"ನಮ್ಮ ಅಪ್ಪ ಇದ ನೀರು ಕುಡದು ಮುಪ್ಪಾದ."

"ಕೊನಿಗೆ ಅವರಿಗೆ ತುತ್ತು ಯಾರು ತಿನಸ್ತಿದ್ರು?"

ಅಜ್ಜ ತಮ್ಮ ಬೆರಳುಗಳನ್ನು ನೋಡಿಕೊಂಡರು. ತಾವೇ ತಿನ್ನಿಸುತ್ತಿದ್ದರೆಂದು ನನಗೆ ಅವರ ಮುಖದಿಂದ ತಿಳಿಯಿತು. ಆದರೂ ಹೋಗುವಾಗ ಹೇಳಿದರು: "ನಿನ್ನ ಅಂಗಡಿ ಅಷ್ಟ ನೋಡ್ಕೋ. ಮುಂದಿನ ಚರಂಡಿಗೆ ಕೈ ಹಾಕಬ್ಯಾಡ."

ನಾನು ನನ್ನ ಅಂಗಡಿಯದ್ದನ್ನೇ ನೋಡಿಕೊಂಡೆ. ತಟ್ಟೆಗಳನ್ನು ಹೆಚ್ಚಿಸಿದೆ, ಸಾಲಾಗಿ ಜೋಡಿಸಿದೆ. ಕೆಲಸ ಚೆನ್ನಾಗಿ ಆಗುತ್ತಿದ್ದದ್ದರಿಂದ ತಟ್ಟೆ ತೊಳೆಯುವುದನ್ನು ಮುಂದಕ್ಕೆ ಹಾಕುತ್ತ ಬಂದೆ. ಇನ್ನೂ ಹಿಡಿಯುತ್ತವೆ, ಹಿಡಿಯಲಿ ಎಂದುಕೊಂಡೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು.

ಇದ್ದಿಲಿನ ತಟ್ಟೆ ಲೋಹವನ್ನು ಅಂಟಿನಿಂದ ಹಿಡಿಯುವುದಿಲ್ಲ, ವಿದ್ಯುತ್ತಿನಿಂದ ಹಿಡಿಯುತ್ತದೆ. ವಿದ್ಯುತ್ ಇಳಿದುಹೋದರೆ ಅದರ ಹಿಡಿತವೂ ಸಡಿಲುತ್ತದೆ. ನಾನು ಮುಂದಿನ ಕೋಣೆಯಲ್ಲಿ ಗಿರಾಕಿಯೊಡನೆ ಮಾತಾಡುತ್ತಿದ್ದೆ. ಹಿಂದಿನಿಂದ ಒಂದು ದನಿ ಎದ್ದಿತು. ಆ ದನಿಯಲ್ಲಿ ಗಣಗಣ ಇರಲಿಲ್ಲ. ಹಿತ್ತಾಳೆಯ ಹಂಡೆಯನ್ನು ಕಲ್ಲಿನ ಮೇಲೆ ಎಳೆದಂತೆ, ನಿಲ್ಲದೆ, ಏರುತ್ತ ಏರುತ್ತ ಹೋಯಿತು. ಇಷ್ಟು ದಿನ ಕೂಡಿಟ್ಟದ್ದೆಲ್ಲ ಒಟ್ಟಿಗೆ ಚರಂಡಿಗೆ ಇಳಿದು ಕಾಲುವೆ ಸೇರಿತ್ತು. ಗೂಡಿನಲ್ಲಿದ್ದ ಪಾತ್ರೆಗಳು ಅದುರಿ ಕೆಳಗೆ ಬಿದ್ದವು. ಗಿರಾಕಿ ಕಿವಿ ಮುಚ್ಚಿಕೊಂಡು ಓಡಿದ. ಒಳಗಿದ್ದ ಗಂಡ ಬಲಗೈಯನ್ನು ಎಡಗೈಯಲ್ಲಿ ಅಮುಕಿ ಹಿಡಿದು ಗೋಡೆಗೆ ಒರಗಿದ್ದರು. ಅವರ ಕೈ ಕಾಲುವೆಗೆ ಓಗೊಡುತ್ತಿತ್ತು.

ನಾನು ಹಿಂದಕ್ಕೆ ಓಡಿ ಚರಂಡಿಗೆ ಮಣ್ಣಿನ ಮೂಟೆ ಒಗೆದು ಕಟ್ಟಿದೆ. ಅಷ್ಟರಲ್ಲಿ ಬಹುಪಾಲು ಹೋಗಿಯಾಗಿತ್ತು. ಓಣಿಗೆ ಬಂದೆ. ತಾಯಂದಿರು ಶಾಲೆಯ ಕಡೆಗೆ ಓಡುತ್ತಿದ್ದರು. ಕೆಲವರು ಆಗಲೇ ಮಕ್ಕಳನ್ನು ಎತ್ತಿಕೊಂಡು ಮರಳುತ್ತಿದ್ದರು. ಒಬ್ಬಾಕೆ ನಡುರಸ್ತೆಯಲ್ಲಿ ನಿಂತುಬಿಟ್ಟಳು. ಹೆದರಿದ ಮಗನನ್ನು ಎದೆಗವಚಿಕೊಂಡವಳು ಅವನ ಬೆನ್ನಿಗೆ ಕಿವಿ ಹಚ್ಚಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಹಿಂದೆ ಇನ್ನೊಬ್ಬಳು ನಿಂತಳು. ಓಣಿಯ ಉದ್ದಕ್ಕೂ ಹೆಂಗಸರು ಮಕ್ಕಳ ಮೈಗೆ ಕಿವಿ ಹಚ್ಚಿ ನಿಂತಿದ್ದರು.

ಕಾಲುವೆ ಸಂಜೆಯ ಹೊತ್ತಿಗೆ ತಗ್ಗಿತು. ಕತ್ತಲಾಗುವ ಮುನ್ನ ಪತ್ತಾರಜ್ಜ ಬಂದರು. ಹಿಂದೆ ಇಡೀ ಓಣಿ. ಅವರ ಹೆಗಲ ಮೇಲೆ ಪುಟ್ಟ ಮೊಮ್ಮಗಳು ಅತ್ತು ಮಲಗಿದ್ದಳು. ಹೊಸ್ತಿಲಲ್ಲಿ ನೀರು ಸುರಿಯದೆ ನೇರ ಒಳಗೆ ಬಂದರು.

"ಯಾರದು ತಪ್ಪು?" ಎಂದರು.

"ಇವತ್ತಿಂದು ನಂದು. ತಟ್ಟಿ ತೊಳೀಬೇಕಿತ್ತು, ತೊಳೀಲಿಲ್ಲ. ಕರೆಂಟ್ ಹೋದ್ರ ನೀರು ನಿಲ್ಲೋ ಹಂಗ ಮಾಡಬೇಕಿತ್ತು, ಮಾಡಲಿಲ್ಲ."

"ಎಷ್ಟ ಅಂಗಡಿದು ಅದು?"

"ನನ್ನ ಒಂದು ಅಂಗಡಿದು. ಸ್ವಲ್ಪ ದಿನದ್ದು."

ಅವರು ಓಣಿಯ ಕಡೆ ತಿರುಗಿದರು. ಅಲ್ಲಿ ಎಷ್ಟು ಅಂಗಡಿಗಳಿವೆಯೆಂದು ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷ ಅದೆಲ್ಲ ಸ್ವಲ್ಪ ಸ್ವಲ್ಪವಾಗಿ, ಇಂಪಾಗಿ, ಎಲ್ಲಿಗೆ ಹೋಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಜ್ಜ ಮೊಮ್ಮಗಳನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು.

"ಈ ಕೂಸಿನ ಮೈ ಮೊಳಗ್ತು, ಅಂಬಕ್ಕ. ಇನ್ನೂ ಸರಿಯಾಗಿ ಮಾತ ಬಂದಿಲ್ಲ ಇದಕ್ಕ." ಕೂಸಿನ ಬೆನ್ನು ಸವರಿದರು. "ಮತ್ತ ಹಚ್ತೀಯೇನು ಆ ತಟ್ಟಿ?"

"ಹಚ್ತೀನಿ. ನಾಳೆನ ಹಚ್ತೀನಿ. ನೀವು ಬ್ಯಾಡ ಅಂದ್ರೂ ಹಚ್ತೀನಿ."

"ಬ್ಯಾಡ ಅನ್ನಾಕ ಬಂದಿಲ್ಲ. ನಮ್ಮ ಅಂಗಡಿಗೂ ಹಚ್ಚಿಕೊಡು."

ಅಂದು ಅಜ್ಜ ಹೀಗೆ ಹೇಳಿದರೂ ಮರುದಿನ ಎಲ್ಲರೂ ಬರಲಿಲ್ಲ. ಕೆಲವರು ನನ್ನ ತಟ್ಟೆಗಳಿಂದಲೇ ನೀರು ಕೆಟ್ಟಿತೆಂದು ಇವತ್ತಿಗೂ ಹೇಳುತ್ತಾರೆ. ಬಂದವರಿಂದ ಶುರು ಮಾಡಿದೆ. ತಟ್ಟೆಗಳಿಗೆ ಬ್ಯಾಟರಿಯ ಆಸರೆ ಕೊಟ್ಟೆ. ವಿದ್ಯುತ್ ಇದ್ದರೆ ಮಾತ್ರ ತೆರೆದಿರುವ, ಹೋದರೆ ತಾನಾಗಿ ಮುಚ್ಚಿಕೊಳ್ಳುವ ನಲ್ಲಿಗಳನ್ನು ಹೊರಗಿನಿಂದ ತರಿಸಿದೆ. ಸಾಮಾನು ತೊಳೆದ ಆಮ್ಲದ ನೀರು ಮೊದಲು ಸುಣ್ಣದ ತೊಟ್ಟಿಗೆ, ಆಮೇಲೆ ಮರಳಿಗೆ, ಆಮೇಲೆ ತಟ್ಟೆಗಳಿಗೆ ಹೋಗುವಂತೆ ಕಟ್ಟಿಸಿದೆವು. ಜೈನಾಬಿಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಇದ್ದಿಲು ಕುಟ್ಟಿದರು. ಮುಖವೆಲ್ಲ ಕಪ್ಪಾಗಿ, ಯಾರು ಯಾರೆಂದು ದನಿಯಿಂದಲೇ ಗುರುತಿಸಬೇಕಾಗುತ್ತಿತ್ತು. ತಟ್ಟೆ ತೊಳೆಯುವ ಸರದಿಯನ್ನು ಯಾರಾದರೂ ತಪ್ಪಿಸಿದರೆ ಜೈನಾಬಿ ಅವರ ಅಂಗಡಿಯ ಮುಂದೆ ನಿಂತು ಓಣಿ ಕೇಳುವಂತೆ ಹೆಸರು ಕೂಗುತ್ತಿದ್ದಳು. ಒಂದು ಅಂಗಡಿ ಮೂಕವಾದರೆ ಪಕ್ಕದ್ದರ ಸದ್ದು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬರದೆ ಉಳಿದವರನ್ನು ಒಳಗೆ ಎಳೆದದ್ದು ನನ್ನ ಮಾತಿಗಿಂತ ಹೆಚ್ಚಾಗಿ ಅದೇ.

ಡಾಕ್ಟರಮ್ಮ ಊರಿಗೇ ಬಂದು ಮಕ್ಕಳ ರಕ್ತ ನೋಡಿದರು. ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಪತ್ತಾರಜ್ಜನ ಮೊಮ್ಮಗಳು ತಡವಾಗಿಯಾದರೂ ಮಾತು ಕಲಿತಳು. ನನ್ನ ಗಂಡನ ಅಂಗೈ ಸ್ವಲ್ಪ ಮೇಲೆದ್ದಿತು, ಲೋಟ ಹಿಡಿಯುವಷ್ಟು. ಉಳಿ ಹಿಡಿಯುವಷ್ಟು ಏಳಲಿಲ್ಲ, ಏಳುವುದಿಲ್ಲವೆಂದು ಇಬ್ಬರಿಗೂ ಗೊತ್ತು. ತಟ್ಟೆಗಳ ಒತ್ತಡ ತೋರಿಸುವ ಮುಳ್ಳನ್ನು ಕಾಯುವ ಕೆಲಸ ಅವರೇ ಕೇಳಿ ಪಡೆದರು. ಒಂದು ದಿನ ತಮ್ಮ ಕಿಟಕಿಯ ಬಳಿ ಕೂತವರು, "ಕಾಲುವಿ ಅದ ಇಲ್ಲೋ ಅಂತ ಎದ್ದು ನೋಡಬೇಕಾತಲ್ಲ," ಎಂದು ಸಿಟ್ಟಿನಿಂದಲೋ ಪ್ರೀತಿಯಿಂದಲೋ ಹೇಳಿದರು. ಆ ದನಿ ಅವರಿಗೆ ಇಷ್ಟವಾಗಿತ್ತು. ನಾನು ಅವರಿಂದ ಅದನ್ನೂ ಕಿತ್ತುಕೊಂಡಿದ್ದೆ. ಪಕ್ಕದಲ್ಲಿ ಹೋಗಿ ಕೂತೆ, ಬೇರೇನೂ ಮಾಡಲು ತೋಚಲಿಲ್ಲ.

ಕಡೆಯ ಅಂಗಡಿಯೂ ಮೂಕವಾದ ಮೇಲೆ, ಚಳಿ ಹಿಡಿಯುವ ಕಾಲದಲ್ಲಿ, ಹೊಲಗಳ ದಾರಿ ಹಿಡಿದು ಒಂದು ಗುಂಪು ಹೆಂಗಸರು ನಡೆದು ಬಂದರು. ತಲೆಯ ಮೇಲೆ ಖಾಲಿ ಕೊಡಗಳು, ಕಾಲು ಮೊಣಕಾಲಿನವರೆಗೆ ಧೂಳು. ಅವರನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಮುಂದಿದ್ದ ಗಟ್ಟಿ ಮೈಕಟ್ಟಿನ ಹೆಂಗಸು ತನ್ನ ಹೆಸರು ಹುಲಿಗೆವ್ವ ಎಂದಳು. ಕಾಲುವೆ ಹೋಗಿ ಮುಟ್ಟುವ ಕಡೆಯ ಊರಿನವಳು.

"ನಿಮ್ಮ ಕಡೆ ನೀರು ಬತ್ತೇತೇನ್ರಿ?" ಎಂದು ಕೇಳಿದಳು. "ನಮ್ಮೂರಾಗ ದನಿ ಕೇಳಿದ್ರ ನೀರು ಬಂತು ಅಂತ ಕೊಡ ತಗೊಂಡು ಹೋಗತಿದ್ವಿ. ಈಗ ದಿನಾ ಕಿವಿಗೊಟ್ಟು ಕುಂದ್ರತೀವಿ. ದನಿ ಇಲ್ಲ. ಕುಂಟ್ಯಾಗಿನ ರಾಡಿ ನೀರ ಕುಡಿಯಾಕತ್ತೀವಿ."

ನೀರು ಅವರ ಊರಿಗೆ ದಿನವೂ ಹೋಗುತ್ತಿತ್ತು. ಸದ್ದಿಲ್ಲದೆ ಹೋಗುತ್ತಿತ್ತು. ಅವರು ಕಾಲುವೆಯ ತನಕ ಹೋಗಿ ನೋಡಿರಲಿಲ್ಲ. ನಮ್ಮ ಊರಿನ ಕೆಳಗೆ ಇನ್ನೊಂದು ಊರು ಇದೆ, ಅವರೂ ಇದನ್ನೇ ಕುಡಿಯುತ್ತ ಬಂದಿದ್ದಾರೆ ಎಂಬುದನ್ನು ಇಷ್ಟು ದಿನ ಒಮ್ಮೆಯೂ ಯೋಚಿಸಿರಲಿಲ್ಲವೆಂದು ನನಗೆ ಆ ಕ್ಷಣದಲ್ಲಿ ಹೊಳೆಯಿತು. ಒಳಗಿನಿಂದ ತಂಬಿಗೆ ತುಂಬಿ ತಂದೆ. ಮೊದಲು ನಾನು ಕುಡಿದೆ. ಆಮೇಲೆ ಅವಳ ಬೊಗಸೆಗೆ ಹೊಯ್ದೆ. ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು, ಹುಬ್ಬು ಗಂಟಿಕ್ಕಿದಳು, ಕುಡಿದಳು.

"ರುಚಿನ ಇಲ್ಲಲ್ರಿ ಇದಕ್ಕ," ಎಂದಳು.

"ಹೌದು, ಇಲ್ಲ."

ಅವಳು ಮತ್ತೆ ಬೊಗಸೆ ಒಡ್ಡಿದಳು. ಕುಡಿದು ಬಾಯಿ ಒರೆಸಿಕೊಂಡು ಹಿಂದಿದ್ದವರಿಗೆ ಬರಲು ಸನ್ನೆ ಮಾಡಿದಳು. ನಾನು ಒಬ್ಬೊಬ್ಬರಿಗೂ ಹೊಯ್ಯುತ್ತ ಹೋದೆ. ಜೈನಾಬಿ ಇನ್ನೊಂದು ಕೊಡ ತರಲು ಒಳಗೆ ಹೋದಳು.

"ನಿಮ್ಮ ಕುಂಟ್ಯಾಗಿನ ನೀರು ಇನ್ನೂ ದನಿ ಮಾಡತೈತೇನು?" ಎಂದು ಹುಲಿಗೆವ್ವನನ್ನು ಕೇಳಿದೆ.

"ಮಾಡತೈತ್ರಿ. ಜೋರಾಗಿ ಮಾಡತೈತಿ."

"ನಿಮ್ಮೂರಾಗ ಕರೆಂಟ್ ಐತಿಲ್ಲೋ?"

"ಐತಿ. ಒಮ್ಮೊಮ್ಮೆ."

"ಒಮ್ಮೊಮ್ಮೆ ಇದ್ರೂ ಸಾಕು, ಬ್ಯಾಟರಿ ಹಾಕೋಣು," ಎಂದು ತಂಬಿಗೆ ಕೆಳಗಿಟ್ಟೆ. ಇದ್ದಿಲಿನ ತಟ್ಟೆಗಳ ಒಂದು ಜೋಡಿಯನ್ನು ಗೋಣಿಯಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡೆ. "ನಡೀರಿ, ದಾರಿ ತೋರಸ್ರಿ."